ವಿಜಯಪುರದ ಬಿಸಿಲಿಗೆ ಹತ್ತಿ ಕ್ಯಾಪೇ ಸರಿ, ಒಳಗೆ ರಟ್ಟು ಇರಬಾರದು ಅಷ್ಟೆ

ಮುಂದೆ ಫೋಮ್, ಹಿಂದೆ ಜಾಳಿಗೆ ಇರುವ ಟ್ರಕ್ಕರ್ ಕ್ಯಾಪ್, ಸುತ್ತಲೂ ಅಂಚು ಇಳಿಬಿದ್ದ ಬಕೆಟ್ ಹ್ಯಾಟ್, ಮೆತ್ತನೆಯ ಹತ್ತಿ ಕ್ಯಾಪ್. ಮೂರನ್ನೂ ಹಾಕಿ ನೋಡಿದ ಮೇಲೆ ನನ್ನ ಮತ ಹತ್ತಿಯದಕ್ಕೆ: ಆರು ತುಂಡು ಬಟ್ಟೆ ಕೂಡಿಸಿ ಹೊಲಿದದ್ದು, ಹಣೆಯ ಭಾಗಕ್ಕೆ ಒಳಗಿನಿಂದ ಗಟ್ಟಿ ಅಸ್ತರು ಕೊಡದ್ದು, ಹಿಂದೆ ಬಟ್ಟೆಯ ಪಟ್ಟಿ, ಲೋಹದ ಬಕಲ್. ಖಾಕಿ ಇಲ್ಲವೇ ಆಲಿವ್ ಬಣ್ಣ ತಗೊಂಡರೆ ಟೀ ಶರ್ಟಿಗೂ ಒಪ್ಪುತ್ತದೆ, ತೋಳು ಮಡಚಿದ ಅಂಗಿಗೂ ಒಪ್ಪುತ್ತದೆ.

ಆದರೆ ಇದರಲ್ಲೇ ದೊಡ್ಡ ಮೋಸವೂ ಇದೆ. ಅಗ್ಗದ ಕ್ಯಾಪುಗಳ ಮುಂದಿನ ಅಂಚಿನೊಳಗೆ ಪ್ಲಾಸ್ಟಿಕ್ ಹಾಳೆಯ ಬದಲು ರಟ್ಟು ಇಟ್ಟು ಹೊಲಿದಿರುತ್ತಾರೆ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಒಮ್ಮೆ ಒಗೆದರೆ ಸಾಕು, ರಟ್ಟು ನೀರು ಕುಡಿದು ಉಬ್ಬಿ ಪದರ ಪದರವಾಗಿ ಬಿಡುತ್ತದೆ. ಒಣಗಿದ ಮೇಲೆ ಅಂಚು ಸೊಟ್ಟಗಾಗಿ ನಡುವೆ ಗೆರೆ ಬೀಳುತ್ತದೆ. ಒಗೆಯದೆ ಇಟ್ಟರೂ ಉಳಿಗಾಲವಿಲ್ಲ, ಹಣೆಯ ಬೆವರು ಅಂಚಿನ ಬುಡಕ್ಕೇ ಇಳಿಯುತ್ತದಲ್ಲ.

ಕೊಳ್ಳುವಾಗಲೇ ಅಂಚಿನ ಎರಡೂ ತುದಿ ಹಿಡಿದು ಮೆಲ್ಲಗೆ ಬಾಗಿಸಿ ಬಿಡಿ. ಪ್ಲಾಸ್ಟಿಕ್ ಆದರೆ ತಟ್ಟನೆ ಮೊದಲಿನಂತಾಗುತ್ತದೆ. ರಟ್ಟು ಬಾಗಿದಲ್ಲೇ ಉಳಿಯುತ್ತದೆ, ಇಲ್ಲವೇ ಒಳಗೆ ಚರಕ್ ಅನ್ನುತ್ತದೆ. ಬಾಗಿಸಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಒಗೆಯುವುದು ಕೈಯಲ್ಲೇ. ತಣ್ಣೀರಿಗೆ ಚಿಟಿಕೆ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ, ಒಳಗಿನ ಬೆವರು ಪಟ್ಟಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ಬೋರಿನ ಸವಳು ನೀರಾದರೆ ಎರಡು ಸಲ ಜಾಲಿಸಿ. ಇಲ್ಲದಿದ್ದರೆ ಬೆವರಿನ ಉಪ್ಪು ಹೋದರೂ ಸೋಪಿನ ಬಿಳಿ ಕಲೆ ಕೂತಿರುತ್ತದೆ. ಹಿಂಡದೆ, ಬೋರಲು ಹಾಕಿದ ಡಬರಿಯ ಮೇಲೆ ನೆರಳಲ್ಲಿ ಒಣಗಿಸಿದರೆ ಆಕಾರ ಕೆಡುವುದಿಲ್ಲ.

ಟ್ರಕ್ಕರ್ ಕ್ಯಾಪ್ ನೋಡಲು ಚಂದ, ಸಂಜೆ ಕ್ರಿಕೆಟ್ಟಿಗೆ ಅಡ್ಡಿಯಿಲ್ಲ. ಮಧ್ಯಾಹ್ನಕ್ಕೆ ಮಾತ್ರ ಬೇಡ. ಹಣೆಗೆ ತಾಗುವ ಫೋಮ್ ಬೆವರು ಹೀರಿ ತೊಯ್ದು ಕೂರುತ್ತದೆ. ಹಿಂದಿನ ಜಾಳಿಗೆಯಿಂದ ಗಾಳಿಯ ಜೊತೆಗೆ ಬಿಸಿಲೂ ಇಳಿಯುತ್ತದೆ. ನೆತ್ತಿಯ ಕೂದಲು ತೆಳ್ಳಗಿದ್ದವರಿಗೆ ಅದು ಚುರ್ ಅನ್ನುತ್ತದೆ.

ನೆರಳು ಕೊಡುವುದರಲ್ಲಿ ಬಕೆಟ್ ಹ್ಯಾಟ್ ಮುಂದು, ಸುಳ್ಳಲ್ಲ. ಕಿವಿ, ಕುತ್ತಿಗೆ ಎರಡನ್ನೂ ಕಾಯುತ್ತದೆ. ಗೋಳಗುಮ್ಮಟದ ಮುಂದಿನ ಬಯಲಿನಲ್ಲಿ ನಡೆದೇ ತಿರುಗುವವರು ಅದನ್ನೇ ತಗೊಳ್ಳಲಿ. ಆದರೆ ಗಾಳಿ ಬೀಸಿದರೆ ಅಂಚು ಕಣ್ಣಿಗೆ ಮಡಚಿಕೊಳ್ಳುತ್ತದೆ. ಅಂಚಿಗೆ ನಾಲ್ಕೈದು ಸುತ್ತು ಹೊಲಿಗೆ ಇರುವುದು ಸ್ವಲ್ಪ ತಡೆಯುತ್ತದೆ.

ಹಿರಿಯರ ಬಿಳಿ ಟೊಪ್ಪಿಗೆ ನೆತ್ತಿಗೆ ತಂಪು, ಕಣ್ಣಿಗೆ ನೆರಳಿಲ್ಲ.

ಗಾಡಿ ಓಡಿಸುವವರಿಗೆ ಹೆಲ್ಮೆಟ್ ತೆಗೆದ ಮೇಲಷ್ಟೇ ಕ್ಯಾಪಿನ ಕೆಲಸ. ಹತ್ತಿಯದನ್ನು ಹಿಂಭಾಗ ಒಳಗೆ ತಳ್ಳಿ ಚಪ್ಪಟೆ ಮಾಡಿ ಬ್ಯಾಗಿಗೆ ಹಾಕಬಹುದು, ಫೋಮಿನದು ನಜ್ಜಾಗುತ್ತದೆ. ಒಂದೇ ದುಬಾರಿಯದರ ಬದಲು ಸಾಧಾರಣ ಬೆಲೆಯ ಎರಡು ತಗೊಂಡು ಸರದಿಯಲ್ಲಿ ಒಗೆಯುವುದು ಮೇಲು. ಕಪ್ಪೇ ಬೇಕೆನ್ನುವವರು ಸಂಜೆಗೆ ಇಟ್ಟುಕೊಳ್ಳಲಿ: ಬಿಸಿಲಿಗೆ ಬೇಗ ಬಿಸಿಯಾಗುತ್ತದೆ, ಬೆವರಿನ ಉಪ್ಪು ಮೊದಲು ಕಾಣುವುದೂ ಅದರ ಮೇಲೆಯೇ.