ಮಳೆಗಾಲಕ್ಕೆ ಯಾವುದು: ಫ್ಯಾಂಟಸಿ ಲೈಫ್ ಐ, ಇಲ್ಲಾ ಸ್ಟಾರ್ಡ್ಯೂ ವ್ಯಾಲಿ?

ಕಕ್ಕಡ ತಿಂಗಳ ಮಳೆಗೆ ಮಡಿಕೇರಿಯ ಮನೆಯಲ್ಲೇ ಕೂತು ಈ ಎರಡೂ ವಿಡಿಯೋ ಗೇಮ್ ಶುರು ಮಾಡಿದೆ. ಕತ್ತಿ, ಮಂತ್ರದ ಲೋಕವೇ ಬೇಕಾದರೆ 2025ರ ‘ಫ್ಯಾಂಟಸಿ ಲೈಫ್ ಐ’. ಕಮ್ಮಾರಿಕೆ, ಅಡುಗೆ ಸೇರಿ 14 ಕಸುಬು, ಬೇಜಾರಾದರೆ ಬದಲಿಸಿಕೊಳ್ಳಿ. ಮರದ ಸುತ್ತ ತಿರುಗಿ ಸರಿಯಾದ ಜಾಗ ಹುಡುಕಿ ಕೊಡಲಿ ಏಟು ಹಾಕೋದೇ ಮಜಾ.

2016ರ ಬೇಸಾಯದ ಆಟ ‘ಸ್ಟಾರ್ಡ್ಯೂ ವ್ಯಾಲಿ’ ಹಳೇ ಕಂಪ್ಯೂಟರಿನಲ್ಲೂ, ಫೋನಿನಲ್ಲೂ ಓಡುತ್ತೆ. ಅದರಲ್ಲಿ ಕಾಫಿ ಗಿಡ 10 ದಿನಕ್ಕೇ ಫಸಲಿಗೆ ಬರುತ್ತೆ, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು! ತೋಟದಲ್ಲಿ ಮೂರ್ನಾಲ್ಕು ವರ್ಷ ಕಾದು ಅಭ್ಯಾಸವಿರುವ ಅಪ್ಪನಿಗೆ ತೋರಿಸಿದೆ. “ಅಲ್ಲಿ ಕಾಫಿ ಕೊರೆಯೋ ಬೋರರ್ ಹುಳ ಇಲ್ವಾ?” ಅಂದ್ರು.

ಒಂದೇ ಕಿರಿಕಿರಿ: ಕಂಪ್ಯೂಟರಿನಲ್ಲಿ ಪಾತ್ರ ರಾತ್ರಿ ಮಲಗಿದ ಮೇಲೇ ಆಟ ಸೇವ್ ಆಗೋದು. ಸಂಜೆ ಕರೆಂಟ್ ಹೋಯ್ತೋ, ಆ ದಿನದ ದುಡಿಮೆಯೆಲ್ಲ ನೀರುಪಾಲು. ನಾನಂತೂ ಫೋನಿಗೇ ಹಾಕಿಕೊಂಡೆ.