ಇಂಡಿಕೇಟರ್ ರಿಪೇರಿ ಆಯ್ತು ಅಂದರೆ ಇಳಿದು ಹಿಂದೆ ಹೋಗಿ ನೋಡಿ

ನಮ್ಮ ಕಾರಿನಲ್ಲಿ ಎಡಗಡೆ ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ಸದ್ದು ವಿಪರೀತ ಜೋರಾಗಿ ಓಡುತ್ತಿತ್ತು. ಬಲಗಡೆ ಮಾಮೂಲಿ. ಶಿವಮೊಗ್ಗದ ಒಂದು ಗ್ಯಾರೇಜಿಗೆ ಬಿಟ್ಟೆ. ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಷರ್ ರಿಲೇ ಹೋಗಿದೆ ಅಂದರು, ಬದಲಾಯಿಸಿದರು. ಕಾರು ಕೊಡುವಾಗ ಸದ್ದು ನಿಧಾನವಾಗಿತ್ತು. ಮೀಟರಿನ ಬಾಣವೂ ಸರಿಯಾಗಿ ಮಿನುಗುತ್ತಿತ್ತು.

ಆಮೇಲೆ ಮನೆಯವರೆಲ್ಲ ಎರಡು ಕಾರಿನಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೊರಟೆವು. ಜಡಿಮಳೆ. ಹೆಬ್ರಿ ದಾಟಿ ಎಡಕ್ಕೆ ತಿರುಗಿಸುವಾಗ ಬೈಕಿನವನೊಬ್ಬ ಎಡಗಡೆಯಿಂದಲೇ ನುಗ್ಗಿದ. ಸ್ವಲ್ಪದರಲ್ಲಿ ತಪ್ಪಿತು. ಹಿಂದಿನ ಕಾರಿನಲ್ಲಿದ್ದ ಭಾವ ಇಳಿದು ಬಂದು, “ಇಂಡಿಕೇಟರ್ ಯಾಕೆ ಹಾಕ್ಲಿಲ್ಲ ಮಾರಾಯ?” ಅಂದರು. ಹಾಕಿತ್ತು. ಮುಂದಿನದು ಮಿನುಗುತ್ತಲೇ ಇತ್ತು. ಹಿಂದಿನದು ಉರಿಯುತ್ತಲೇ ಇರಲಿಲ್ಲ.

ಉಡುಪಿಯಲ್ಲಿ ಒಬ್ಬರು ಹಿರಿಯ ಎಲೆಕ್ಟ್ರಿಷಿಯನ್ ಡಿಕ್ಕಿ ತೆಗೆದು ಟೈಲ್ ಲ್ಯಾಂಪ್ ಬಿಚ್ಚಿದರು. ಮಳೆನೀರು ಇಳಿದು ಹೋಲ್ಡರಿನ ಕಾಂಟ್ಯಾಕ್ಟ್ ಹಸಿರುಗಟ್ಟಿತ್ತು. ಬಲ್ಬಿಗೆ ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸಿಗುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಒಳಗಿತ್ತು. ಪ್ಯಾನೆಲಿನ ಹಿಂದೆ ಇಂಡಿಕೇಟರ್ ವೈರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಟೇಪ್ ಸುತ್ತಿದ್ದರು!

ಇದು ಯಾಕೆ ಅಪಾಯ ಅಂತ ಹೇಳುತ್ತೇನೆ. ಸಾಮಾನ್ಯವಾಗಿ ಒಂದು ಕಡೆಗೆ ಹಿಂದೆ ಮುಂದೆ 21 ವ್ಯಾಟಿನ ಎರಡು ಬಲ್ಬು, ಪಕ್ಕದಲ್ಲಿ 5 ವ್ಯಾಟಿನ ಚಿಕ್ಕದೊಂದು ಇರುತ್ತದೆ. ಮೂರೂ ಸೇರಿ ಸುಮಾರು 4 ಆಂಪಿಯರ್ ಎಳೆಯುತ್ತವೆ. ದೊಡ್ಡ ಬಲ್ಬು ಒಂದು ಉರಿಯದಿದ್ದರೆ ಕರೆಂಟ್ ಅರ್ಧದಷ್ಟಾಗುತ್ತದೆ. ಆಗ ಫ್ಲ್ಯಾಷರ್ ಬೇಗ ಬೇಗ ಮಿನುಗುತ್ತದೆ. ಬಲ್ಬು ನೋಡು ಅಂತ ಕಾರು ನಮಗೆ ಹೇಳುವುದೇ ಹಾಗೆ. ರೆಸಿಸ್ಟರ್ ಆ ಬಲ್ಬಿನ ಕರೆಂಟನ್ನು ತಾನು ಎಳೆದುಕೊಂಡು ಕೂರುತ್ತದೆ. ಬೆಳಕು ಬರಲ್ಲ, ಸದ್ದು ಮಾತ್ರ ಸರಿಯಾಗುತ್ತದೆ. ಮಳೆಯಲ್ಲಿ ಹಿಂದೆ ಬರುವವನ ಜೀವದ ಜೊತೆ ಆಟ ಆಡಿದ ಹಾಗೆ ಇದು. ನನಗೆ ಈಗಲೂ ಕೋಪ ಇಳಿದಿಲ್ಲ.

ರಿಲೇ ಕಥೆಯೂ ಸುಳ್ಳು. ಬಹಳಷ್ಟು ಕಾರುಗಳಲ್ಲಿ ಎಡಕ್ಕೂ ಬಲಕ್ಕೂ ಒಂದೇ ಫ್ಲ್ಯಾಷರ್. ಒಂದು ಕಡೆ ಮಾತ್ರ ತೊಂದರೆ ಇದ್ದರೆ ಮೊದಲು ಆ ಕಡೆಯ ಬಲ್ಬು, ಹೋಲ್ಡರ್, ಅರ್ತ್ ನೋಡಬೇಕು. ಎರಡೂ ಕಡೆ ಸತ್ತಿದ್ದರೆ ಫ್ಯೂಸ್, ರಿಲೇ. ಹಜಾರ್ಡ್ ಒತ್ತಿದರೆ ನಾಲ್ಕೂ ಮಿನುಗಿ, ಇಂಡಿಕೇಟರ್ ಮಾತ್ರ ಬರದಿದ್ದರೆ ಸ್ಟೇರಿಂಗ್ ಹತ್ತಿರದ ಸ್ವಿಚ್ಚಿನ ಮೇಲೂ ಅನುಮಾನ ಪಡಬಹುದು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾದರೆ, ಅಥವಾ ಇಂಡಿಕೇಟರಿನ ಜೊತೆ ಟೈಲ್ ಲೈಟೂ ಮಿನುಗಿದರೆ ಹೆಚ್ಚಾಗಿ ಅರ್ತ್ ದೋಷವೇ. ಇಷ್ಟನ್ನೂ ಪರೀಕ್ಷಿಸದೆ ಯಾರಾದರೂ ವೈರಿಂಗ್ ಪೂರ್ತಿ ಬದಲಿಸಬೇಕು ಅಂದರೆ ಸುಮ್ನೆ ಕಾರು ವಾಪಸ್ ತನ್ನಿ.

ನಮ್ಮ ಕಾರಿಗೆ ಕೊನೆಗೆ ಬೇಕಾಗಿದ್ದು ಉಜ್ಜು ಕಾಗದ, ಒಂದು ಹೊಸ ಹೋಲ್ಡರ್, ನೀರು ಒಳಗೆ ಹೋಗದಂತೆ ಒಂದು ರಬ್ಬರ್ ಸೀಲ್.

ಗ್ಯಾರೇಜಿನಿಂದ ಕಾರು ತರುವಾಗ ಹಜಾರ್ಡ್ ಹಾಕಿ ಒಂದು ಸುತ್ತು ಬನ್ನಿ. ಬಾಣ ನೋಡಿ ನಂಬಬೇಡಿ. ಎಲ್‌ಇಡಿ ಬಲ್ಬು ಕರೆಂಟ್ ಕಡಿಮೆ ಎಳೆಯುವುದರಿಂದ ಬೇಗ ಬೇಗ ಮಿನುಗದಂತೆ ಅದಕ್ಕೂ ರೆಸಿಸ್ಟರ್ ಹಾಕುವುದುಂಟು. ಅಂಥ ಬಲ್ಬು ಹಾಕಿಸಿದವರು ರೆಸಿಸ್ಟರ್ ಎಲ್ಲಿ ಕೂರಿಸಿದ್ದಾರೆ ಅಂತಲೂ ಕೇಳಿ. ಬಂಗಾರದ ಬಣ್ಣದ ಚಿಕ್ಕ ಲೋಹದ ತುಂಡು ಅದು, ಉಪಯೋಗದಲ್ಲಿದ್ದಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ. ಪ್ಲಾಸ್ಟಿಕ್ಕಿಗೆ ಅಥವಾ ವೈರಿನ ಗೊಂಚಲಿಗೆ ತಾಗಿದ್ದರೆ ಅವತ್ತೇ ತೆಗೆಸಿ.