ಯುಗಾದಿ ರಜೆಗೆ ದಾಂಡೇಲಿಯಾ, ಚಿಕ್ಕಮಗಳೂರಾ? ಎರಡೂ ಕಡೆ ಹೋಗಿ ಬಂದ ಮೇಲೆ

ಮಕ್ಕಳ ಪರೀಕ್ಷೆ ಮುಗಿದು ಯುಗಾದಿ ಹತ್ತಿರ ಬಂತೆಂದರೆ ನಮ್ಮ ಮೂರು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. ಈ ಸಲ ನೀರಿಗೋ, ಬೆಟ್ಟಕ್ಕೋ? 2024ರ ಯುಗಾದಿಗೆ ನೀರು ಗೆದ್ದಿತು, ದಾಂಡೇಲಿಗೆ ಹೋದೆವು. 2025ಕ್ಕೆ ಬೆಟ್ಟ ಗೆದ್ದಿತು, ಚಿಕ್ಕಮಗಳೂರಿಗೆ ಹೋದೆವು. ಎರಡು ಸಲವೂ ಅದೇ ಹನ್ನೆರಡು ಜನ. ನಾವು ನಾಲ್ವರು, ನಮ್ಮ ಅತ್ತೆ, ನಾದಿನಿ ಮನೆಯ ನಾಲ್ವರು, ಆಫೀಸಿನ ಗೆಳತಿ, ಅವಳ ಗಂಡ, ಮಗ. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವು ಬೇರೆ. ನನ್ನ ಮಗಳಿಗೆ ಮೊದಲ ಸಲ ಹೋದಾಗ ಎಂಟು ವರ್ಷ. ಈ ಇಬ್ಬರನ್ನೂ ಮುಂದಿಟ್ಟುಕೊಂಡೇ ಹೋಲಿಸುತ್ತಿದ್ದೇನೆ. ಬರೀ ಹುಡುಗರ ಗುಂಪಾದರೆ ಲೆಕ್ಕವೇ ಬೇರೆ.

ಮೊದಲು ದಾರಿ. ಬೆಂಗಳೂರಿನಿಂದ ದಾಂಡೇಲಿಗೆ ಸುಮಾರು 470 ಕಿ.ಮೀ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಅಲ್ಲಿಂದ ಹಳಿಯಾಳದ ಮೇಲೆ ದಾಂಡೇಲಿ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಧಾರವಾಡದಲ್ಲಿ ರೊಟ್ಟಿ ಊಟ, ಒಂದು ಕಿಲೋ ಪೇಡ. ದಾಂಡೇಲಿ ಮುಟ್ಟಿದಾಗ ಸಂಜೆ ನಾಲ್ಕು. ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ ಬರೆದಿಟ್ಟುಬಿಡಿ. ಮೂರು ದಿನದ ರಜೆಯಲ್ಲಿ ದಾಂಡೇಲಿ ಬೇಡವೇ ಬೇಡ.

ಚಿಕ್ಕಮಗಳೂರು ಸುಮಾರು 245 ಕಿ.ಮೀ. ಅಷ್ಟೇ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು. ಹಬ್ಬದ ಹಿಂದಿನ ದಿನ ನೆಲಮಂಗಲ ದಾಟುವುದಕ್ಕೇ ಒಂದೂಕಾಲು ಗಂಟೆ ಹಿಡಿಯಿತು, ಆದರೂ ಮಧ್ಯಾಹ್ನದ ಊಟಕ್ಕೆ ಹೋಂಸ್ಟೇಯಲ್ಲಿದ್ದೆವು. ದಾರಿ ಮಟ್ಟಿಗೆ ಚಿಕ್ಕಮಗಳೂರೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಗಾಡಿಯ ವಿಷಯದಲ್ಲೂ ಎರಡು ಪ್ರಯೋಗ ಆಯಿತು. ದಾಂಡೇಲಿಗೆ ಮೂರು ಕಾರು, ಚಿಕ್ಕಮಗಳೂರಿಗೆ ಒಂದೇ ಟಿಟಿ (ಟೆಂಪೋ ಟ್ರಾವೆಲರ್). ಟಿಟಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಅಂತ್ಯಾಕ್ಷರಿ ಆಡಿದ್ದು, ಅತ್ತೆ ನಮ್ಮೆಲ್ಲರಿಗೂ ಕೋಡುಬಳೆ ಹಂಚಿದ್ದು ಚೆನ್ನಾಗಿತ್ತು. ಆದರೆ ಹಿಂದಿನ ಸೀಟಿನಲ್ಲಿ ಕೂತಿದ್ದ ಮಗಳಿಗೆ ಮುಳ್ಳಯ್ಯನಗಿರಿಯ ದಾರಿ ಶುರುವಾಗುತ್ತಲೇ ವಾಂತಿ. ಮುಂದಿನ ಸೀಟಿಗೆ ಕೂರಿಸಿ, ನಿಂಬೆಹಣ್ಣು ಮೂಸಿಸಿದ ಮೇಲೆ ಸರಿಹೋಯಿತು. ಮೇಲಿನ ಕಿರಿದಾದ ತಿರುವುಗಳಿಗೆ ಟಿಟಿ ಕಷ್ಟ ಎಂದು ಸ್ಥಳೀಯ ಜೀಪನ್ನೂ ಮಾಡಿಕೊಳ್ಳಬೇಕಾಯಿತು. ದಾಂಡೇಲಿಯಲ್ಲಿ ಕಾರುಗಳೇ ವಾಸಿ. ಅಲ್ಲಿ ನೋಡುವ ಜಾಗಗಳು ಒಂದಕ್ಕೊಂದು ದೂರ. ಒಂದು ಕಾರು ಅತ್ತೆಯನ್ನು ಕರೆದುಕೊಂಡು ಬೇಗ ರೂಮಿಗೆ ಬರಬಹುದು, ಉಳಿದವರು ನಿಧಾನಕ್ಕೆ ಬರಬಹುದು.

ಈಗ ದಾಂಡೇಲಿಯ ಕಾಳಿ ನದಿಗೆ ಬರುತ್ತೇನೆ. ಏಪ್ರಿಲ್‌ನಲ್ಲಿ ನದಿಗಳೆಲ್ಲ ಬತ್ತಿರುವಾಗ ಅಲ್ಲಿ ರಾಫ್ಟಿಂಗ್ ಹೇಗೆ ನಡೆಯುತ್ತದೆ ಎಂದು ನನಗೂ ಅನುಮಾನವಿತ್ತು. ಅದರ ಗುಟ್ಟು ಸೂಪಾ ಅಣೆಕಟ್ಟು. ದಾಂಡೇಲಿಯಿಂದ ಸುಮಾರು 25 ಕಿ.ಮೀ. ದೂರದ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಈ ಕಟ್ಟೆ ಇದೆ. ಹಳೇ ಸೂಪಾ ಊರು ಇದರ ನೀರಿನಲ್ಲೇ ಮುಳುಗಿದ್ದು. ಕಟ್ಟೆಯ ಕೆಳಗೆ ವಿದ್ಯುತ್ ಮನೆ. ಅಲ್ಲಿ ಟರ್ಬೈನ್ ತಿರುಗಿದಾಗ ಹೊರಬರುವ ನೀರೇ ಕೆಳಗಿನ ನದಿಗೆ ಜೀವ. ಅಂದರೆ ಬೇಸಿಗೆಯಲ್ಲಿ ರಾಫ್ಟಿಂಗ್ ಇದೆಯೋ ಇಲ್ಲವೋ ಎಂಬುದನ್ನು ಹೇಳುವುದು ಮಳೆಯಲ್ಲ, ಕರೆಂಟು.

ನಮಗೆ ಒಂಬತ್ತಕ್ಕೆ ಬನ್ನಿ ಎಂದಿದ್ದರು. ಹೋಗಿ ನೋಡಿದರೆ ನದಿಯಲ್ಲಿ ಬರೀ ಕಲ್ಲು, ನಡುನಡುವೆ ಸಣ್ಣ ಹರಿವು. ಹತ್ತಾಯಿತು, ಹನ್ನೊಂದಾಯಿತು. ಮಕ್ಕಳು ಸಪ್ಪಗಾದರು. ಅತ್ತೆ ದಡದ ಒಂದು ಹಾಸುಗಲ್ಲಿನ ಮೇಲೆ ಮರದ ನೆರಳಿನಲ್ಲಿ ಕೂತಿದ್ದರು. ಹನ್ನೊಂದೂವರೆ ಹೊತ್ತಿಗೆ ಅವರೇ ಮೊದಲು ನೋಡಿದ್ದು. "ಲೇ, ಆ ಕಲ್ಲಿನ ಬುಡ ಒದ್ದೆ ಆಯ್ತು ನೋಡ್ರೋ" ಎಂದರು. ಎದುರಿನ ಒಣಗಿದ ಕಲ್ಲಿಗೆ ಒಂದು ಕಪ್ಪು ಅಂಚು ಮೂಡಿತ್ತು. ಅಂಚು ಮೇಲೇರಿತು. ಸದ್ದು ಬದಲಾಯಿತು. ಇಪ್ಪತ್ತು ನಿಮಿಷದಲ್ಲಿ ಆ ಕಲ್ಲೇ ಕಾಣಲಿಲ್ಲ, ಅದಿದ್ದ ಜಾಗದಲ್ಲಿ ಬಿಳಿ ನೊರೆ ಕುಣಿಯುತ್ತಿತ್ತು. ಅದನ್ನು ನೋಡಿದ ಮೇಲೆ, ಗೈಡ್ ಇಲ್ಲದೆ ಈ ನದಿಗೆ ಇಳಿಯಬಾರದು ಎಂದು ಯಾಕೆ ಹೇಳುತ್ತಾರೆ ಎಂಬುದು ಮಕ್ಕಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ಕೆಳಗೆ ದಾಂಡೇಲಿ ಊರಿನ ಹತ್ತಿರ ಮೊಸಳೆಗಳೂ ಇವೆ. ಹಾಗಾಗಿ ಎಲ್ಲೆಂದರಲ್ಲಿ ಕಾಲು ಇಳಿಬಿಡುವ ಆಸೆ ಬಿಡಬೇಕು.

ದೊಡ್ಡ ರಾಫ್ಟಿಂಗ್‌ಗೆ ಮಗಳನ್ನು ಬಿಡಲಿಲ್ಲ. ಅದು ಸರಿಯೇ. ಅವಳಿಗೂ ನಾದಿನಿಯ ಚಿಕ್ಕ ಮಗನಿಗೂ ನೀರು ಶಾಂತವಾಗಿದ್ದ ಕಡೆ ಹರಿಗೋಲು, ಕಯಾಕ್ ಸಿಕ್ಕಿತು. ಅಷ್ಟಕ್ಕೇ ಅವರು ಖುಷಿಯಾಗಿದ್ದರು. ನಾವು ಆರು ಜನ ರಾಫ್ಟ್ ಹತ್ತಿದೆವು. ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಉಸಿರು ಬಿಗಿಯುವ ಹಾಗೆ ಎಳೆದು ಕಟ್ಟಿದರು. ನೀರಿಗೆ ಬಿದ್ದರೆ ಗಾಬರಿ ಬೇಡ, ಅಂಗಾತ ತೇಲಿ, ಕಾಲು ಹರಿವಿನ ಕಡೆಗೆ ಮುಂದಿರಲಿ ಎಂದು ಮೂರು ಸಲ ಹೇಳಿಸಿದರು. ಮೊದಲ ಇಳಿಜಾರಿನಲ್ಲಿ ದೋಣಿಯ ಮೂತಿ ನೀರಿನೊಳಗೆ ಹೊಕ್ಕು ಮತ್ತೆ ಎದ್ದಿತು. ನನ್ನ ಮಗನಿಗೆ ಆಗ ಹದಿನಾಲ್ಕು. ಮನೆಯಲ್ಲಿ ಕೇಳಿದ್ದಕ್ಕೆ ಒಂದಕ್ಷರದ ಉತ್ತರ ಕೊಡುವ ವಯಸ್ಸು. ಅವತ್ತು ಅವನು ನನ್ನ ಪಕ್ಕ ಕೂತು, "ಅಮ್ಮಾ, ಹುಟ್ಟು ಬಿಡಬೇಡ, ಹಾಕು ಹಾಕು" ಎಂದು ಕೂಗುತ್ತಲೇ ಇದ್ದ. ದಡಕ್ಕೆ ಬಂದ ಮೇಲೂ ಅರ್ಧ ಗಂಟೆ ಮಾತು ನಿಲ್ಲಿಸಲಿಲ್ಲ. ಆ ಅರ್ಧ ಗಂಟೆಗೆ 470 ಕಿ.ಮೀ. ಏನೂ ಅಲ್ಲ.

ದಾಂಡೇಲಿಯ ತೊಂದರೆ ಸೆಕೆ. ಊರು ಅಷ್ಟೇನೂ ಎತ್ತರದಲ್ಲಿಲ್ಲ. ಏಪ್ರಿಲ್ ಮಧ್ಯಾಹ್ನ ರೂಮಿನಿಂದ ಹೊರಗೆ ಬರಲು ಮನಸ್ಸೇ ಆಗುವುದಿಲ್ಲ. ನದಿ ಕಾಣುವ ರೂಮು ಎಂದು ದುಡ್ಡು ಪಡೆದವರು ಕೊಟ್ಟದ್ದು ಪಾರ್ಕಿಂಗ್ ಕಾಣುವ ರೂಮು. ಫೋಟೋ ನಂಬದೆ, ವಿಡಿಯೋ ಕಾಲ್ ಮಾಡಿಸಿ ನೋಡಿಯೇ ಮುಂಗಡ ಕಳಿಸಿ. ಸಿಂಥೇರಿ ಬಂಡೆ ನೋಡಲು ಮೆಟ್ಟಿಲು ಜಾಸ್ತಿ, ಅತ್ತೆ ಬರಲಿಲ್ಲ. ಆದರೆ ಬಿಸಿಲಿಗೆ ಅಲ್ಲಿಯೇ ಮದ್ದೂ ಇದೆ. ಊಟದ ಮನೆಯಲ್ಲಿ ಅಪ್ಪೆಹುಳಿ ಕೊಟ್ಟರು. ಮಾವಿನಮಿಡಿಯ ಕಾಲ ಅಲ್ವಾ, ಘಮ ಲೋಟದಿಂದಲೇ ಏಳುತ್ತಿತ್ತು. ಅತ್ತೆ ಮೂರು ಲೋಟ ಕುಡಿದರು.

ಇನ್ನೊಂದು ಲಾಭವೂ ಇದೆ. ಬೇಸಿಗೆಯ ಹೊತ್ತಿಗೆ ತೇಗ, ಮತ್ತಿ ಎಲೆ ಉದುರಿಸಿರುತ್ತವೆ, ಹಕ್ಕಿ ಚೆನ್ನಾಗಿ ಕಾಣುತ್ತದೆ. ದಾಂಡೇಲಿಯ ಟಿಂಬರ್ ಡಿಪೋ ಹತ್ತಿರ ಬೆಳಗ್ಗೆ ಆರೂವರೆಗೆ ಹೋಗಿ ನಿಂತೆವು. ಒಂದು ಗಂಡು ಮಂಗಟ್ಟೆ (ಹಾರ್ನ್‌ಬಿಲ್) ಆಲದ ಹಣ್ಣು ಕಚ್ಚಿಕೊಂಡು ಹಾರಿತು. ಇದು ಅವುಗಳ ಮರಿ ಮಾಡುವ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡಿರುತ್ತದೆ. ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಉಣಿಸಬೇಕು. ಇದನ್ನು ಕೇಳಿದ ಮಗಳು ಮಾರನೇ ದಿನವೂ ಆರಕ್ಕೇ ಎದ್ದಳು.

ಚಿಕ್ಕಮಗಳೂರಿನಲ್ಲಿ ಸೆಕೆಯ ಮಾತೇ ಇಲ್ಲ. ಊರೇ ಸಾವಿರ ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರ. ಬೆಳಗ್ಗೆ ಸ್ವೆಟರ್ ಹಾಕಿಕೊಂಡೆವು. ಆದರೆ ಸಾಹಸ ಎಂದು ಹೋದವರಿಗೆ ಈ ಕಾಲದಲ್ಲಿ ಅಲ್ಲಿ ಸಿಗುವುದು ಕಮ್ಮಿ. ಭದ್ರಾ ನದಿಯ ರಾಫ್ಟಿಂಗ್ ಮಳೆಗಾಲದ್ದು. ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ, ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ನಾವು ಅಂದುಕೊಂಡಿದ್ದ ಚಾರಣವೂ ಹಾಗೇ ತಪ್ಪಿತು. ಹೊರಡುವ ಮೊದಲೇ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ನೋಡಿಕೊಳ್ಳಿ. ಝರಿ ಫಾಲ್ಸ್‌ಗೆ ಜೀಪಿನಲ್ಲಿ ಎದ್ದು ಬಿದ್ದು ಹೋಗಿದ್ದು ಮಕ್ಕಳಿಗೆ ಇಷ್ಟವಾಯಿತು, ನೀರು ಮಾತ್ರ ಸಣ್ಣಗೆ ಇಳಿಯುತ್ತಿತ್ತು. ಮುಳ್ಳಯ್ಯನಗಿರಿಯ ಮೆಟ್ಟಿಲು ಅತ್ತೆಯಿಂದ ಆಗಲಿಲ್ಲ. ನಾವು ಮೇಲೆ ಹೋದೆವು, ಅವರು ಜೀಪಿನಲ್ಲಿ ಕೂತರು. ಇಳಿದು ಬರುವಾಗ ಜೀಪಿನ ಕಿಟಕಿಯಲ್ಲಿ ಅವರ ಮುಖ ನೋಡಿ ನನಗೆ ಕಷ್ಟವಾಯಿತು. ಕಾಳಿ ದಡದಲ್ಲಿ ಅವರು ಆಟದ ನಡುವೆಯೇ ಇದ್ದರು. ಇಲ್ಲಿ ಆಟ ಒಂದು ಕಡೆ, ಅವರು ಒಂದು ಕಡೆ.

ಇಷ್ಟೇ ಆಗಿದ್ದರೆ ತೀರ್ಪು ಸುಲಭವಿತ್ತು. ಆದರೆ ಕಾಫಿ ಹೂ ನೋಡಿದ್ದೇವಲ್ಲ!

ಹಬ್ಬದ ದಿನ ಬೆಳಗ್ಗೆ, ಮಾರ್ಚ್ 30. ಆರು ಗಂಟೆಗೆ ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ. ಮಲ್ಲಿಗೆಯ ಹಾಗೆ, ಆದರೆ ಇನ್ನೂ ತಣ್ಣಗೆ. ಆಮೇಲೆ ಸದ್ದು. ಎಲ್ಲೋ ಮೋಟರ್ ಓಡುತ್ತಿದೆ ಅಂದುಕೊಂಡೆ. ಅದು ಜೇನು. ತೋಟ ಪೂರ್ತಿ ಬಿಳಿ. ಪ್ರತಿ ರೆಂಬೆಯಲ್ಲೂ ಎಲೆ ಹುಟ್ಟುವ ಗಿಣ್ಣಿಗೆ ಒಂದೊಂದು ಬಿಳಿ ಗೊಂಚಲು, ದಾರಕ್ಕೆ ಚೆಂಡು ಪೋಣಿಸಿದ ಹಾಗೆ ಉದ್ದಕ್ಕೂ. ಮಗಳು ಮುಟ್ಟಲು ಹೋದಳು. ತೋಟದ ಯಜಮಾನರು ಬೈಯಲಿಲ್ಲ. "ಒಂದು ಹೂ ಅಂದ್ರೆ ಒಂದು ಹಣ್ಣು ಪುಟ್ಟಿ, ಎರಡು ಬೀಜ. ನೋಡು, ಮುಟ್ಟಬೇಡ" ಎಂದರು. ಅವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮುಖ ಮಾತ್ರ ಹತ್ತಿರ ಒಯ್ದಳು.

ಅವರೇ ಹೇಳಿದರು. ಇದೆಲ್ಲ ಹೂಮಳೆಯ ಕೈಯಲ್ಲಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಹೂ ಅರಳುತ್ತದೆ. ಎರಡು ಮೂರು ದಿನ ಇದ್ದು ಕಂದುತ್ತದೆ. ಮಳೆ ತಡವಾದರೆ ನೀರಿರುವವರು ಸ್ಪ್ರಿಂಕ್ಲರ್ ಹಾಕಿ ಹೂ ತರಿಸುತ್ತಾರೆ. ನಮ್ಮ ತೋಟದಲ್ಲಿ ಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಎರಡು ಮೈಲಿ ಆಚೆಗಿನ ತೋಟದಲ್ಲಿ ಒಂದು ಹೂವೂ ಇರಲಿಲ್ಲ, ಅಲ್ಲಿ ಆ ಮಳೆ ಬಿದ್ದಿರಲೇ ಇಲ್ಲ. ಅಂದರೆ ನಾವು ದಿನ ನೋಡಿ ಹೋಗಿದ್ದಲ್ಲ, ಸಿಕ್ಕಿದ್ದು.

ಆ ಅಂಗಳದಲ್ಲಿ ಅತ್ತೆ ಬೇವುಬೆಲ್ಲ ಕೊಟ್ಟರು. ಮಲೆನಾಡಲ್ಲಿ ಬೇವು ಸಿಗುವುದು ಕಷ್ಟ ಎಂದು ಬೇವಿನ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಂಗಳೂರಿನಿಂದಲೇ ತಂದಿದ್ದರು. ತೋಟದ ಮನೆಯವರಿಗೂ ಕೊಟ್ಟರು. ಅವರು ಎಳೆ ಹಲಸಿನ ಪಲ್ಯ, ಅಕ್ಕಿ ರೊಟ್ಟಿ ಹಾಕಿದರು. ಅತ್ತೆ ಅವತ್ತು ಕೋಲು ಹಿಡಿದು ತೋಟದ ಸಮತಟ್ಟಾದ ದಾರಿಯಲ್ಲಿ ಒಂದು ಸುತ್ತು ನಡೆದರು, ಯಾರೂ ಕರೆಯದೆ.

ಎರಡೂ ಕಡೆಗೆ ಒಂದು ಎಚ್ಚರಿಕೆಯ ಮಾತು. ಈ ಕಾಲದಲ್ಲಿ ಇಂಬಳದ (ಜಿಗಣೆಯ) ಕಾಟ ಇಲ್ಲ, ಆದರೆ ಉಣುಗು (ರಕ್ತ ಹೀರುವ ಉಣ್ಣೆ) ಇರುತ್ತದೆ. ಮಂಗನ ಕಾಯಿಲೆ ಹರಡುವುದು ಇದೇ ಉಣುಗಿನಿಂದ, ಇದೇ ಒಣ ತಿಂಗಳುಗಳಲ್ಲಿ. ಮಕ್ಕಳನ್ನು ತರಗೆಲೆಯ ಮೇಲೆ ಕೂರಿಸಬೇಡಿ. ಉದ್ದ ಪ್ಯಾಂಟ್, ಕಾಲುಚೀಲ ಹಾಕಿಸಿ. ಸಂಜೆ ಬಿಸಿನೀರಿನ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲ ಹಿಂದೆ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನವರಿಗೆ ತಿಳಿಸಿ.

ಹಂಪಿ, ಸಾಣಾಪುರದ ಕಡೆ ಯಾಕೆ ಹೋಗಲಿಲ್ಲ ಎಂದು ಕೆಲವರು ಕೇಳಿದರು. ಯುಗಾದಿ ಹೊತ್ತಿಗೆ ಅಲ್ಲಿನ ಬಂಡೆ ಕಾದ ಹೆಂಚು. ಅದು ಡಿಸೆಂಬರ್, ಜನವರಿಗೆ ಇರಲಿ.

ಹಾಗಾದರೆ ಯಾವುದು? ನಾಲ್ಕು ದಿನ ಇದ್ದು, ಮನೆಯಲ್ಲಿ ಹತ್ತು ದಾಟಿದ ಮಕ್ಕಳೂ ಹಿರಿಯರೂ ಇಬ್ಬರೂ ಇದ್ದರೆ ದಾಂಡೇಲಿ. ಹೊಳೆಯ ದಡದಲ್ಲಿ ಎಲ್ಲರಿಗೂ ಜಾಗವಿದೆ, ಆಡುವವರಿಗೂ, ಕೂತು ನೋಡುವವರಿಗೂ. ಮೂರೇ ದಿನ ಎಂದರೆ ಚಿಕ್ಕಮಗಳೂರು. ಆದರೆ ಸಾಹಸ ಎಂದು ಮಕ್ಕಳಿಗೆ ಆಸೆ ಹುಟ್ಟಿಸಿ ಕರೆದೊಯ್ಯಬೇಡಿ. ತೋಟದೊಳಗೇ ಇರುವ ಹೋಂಸ್ಟೇ ಹಿಡಿಯಿರಿ, ಗಿರಿಗೆ ಒಂದೇ ಬೆಳಗು ಸಾಕು. ಈಗ ಗಿರಿಗೆ ಹೋಗುವ ವಾಹನಗಳಿಗೂ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು, ಮರೆಯಬೇಡಿ.

ನಮ್ಮ ಗುಂಪಿನಲ್ಲಿ ಮುಂದಿನ ಸಲಕ್ಕೆ ಕಾಳಿ ನದಿಯೇ ಎಂದು ತೀರ್ಮಾನವಾಗಿದೆ. ಅತ್ತೆ ಆ ಹಾಸುಗಲ್ಲು, ಆ ಮರ ಇನ್ನೂ ಇದೆಯಾ ವಿಚಾರಿಸು ಎಂದಿದ್ದಾರೆ. ಆದರೆ ಮಾರ್ಚ್‌ನ ಒಂದು ಶನಿವಾರ, ಭಾನುವಾರ ಖಾಲಿ ಬಿಡುವುದು ಎಂದೂ ಮಾತಾಗಿದೆ. ಚಿಕ್ಕಮಗಳೂರಿನ ತೋಟದವರು ಹೊರಡುವಾಗ ನನ್ನ ನಂಬರ್ ಬರೆದುಕೊಂಡಿದ್ದರು. "ಹೂಮಳೆ ಬಿದ್ದ ದಿನ ಫೋನ್ ಮಾಡ್ತೀನಮ್ಮ, ಎಂಟನೇ ದಿನಕ್ಕೆ ಬಂದ್ಬಿಡಿ" ಎಂದಿದ್ದಾರೆ.